ರಿಮೋಟ್ ಬಿಸಾಡಿ ಎನ್ನುವ ಮುನ್ನ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಮನೆಯ ಎಲ್ಲ ಸಾಮಾನುಗಳ ರಿಮೋಟನ್ನೂ ಅಪ್ಪ ಒಂದೇ ರಿಮೋಟಿಗೆ ಕಲಿಸಿಟ್ಟಿದ್ದರು, ಈಗ ಅಪ್ಪನೂ ಇಲ್ಲ, ರಿಮೋಟೂ ಕೆಟ್ಟಿದೆ, ಏನು ಮಾಡಲಿ ಎಂದು. ನಿಮ್ಮ ತಜ್ಞರು ಎರಡೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದಾರೆ: ಬಿಸಾಡಿ, 150 ರೂಪಾಯಿಗೆ ಯೂನಿವರ್ಸಲ್ ರಿಮೋಟ್ ಸಿಗುತ್ತದೆ.

ನಾನು ಸಾಗರದಲ್ಲಿ 1989ರಿಂದ ರೇಡಿಯೊ, ಟಿ.ವಿ. ರಿಪೇರಿ ಮಾಡಿಕೊಂಡು ಬಂದವ. ಆ ಉತ್ತರ ಓದಿ ಸುಮ್ಮನೆ ಕೂರಲಾಗಲಿಲ್ಲ. ಪತ್ರ ಉದ್ದವಾಯಿತು, ಕ್ಷಮಿಸಿ. ನಮ್ಮಲ್ಲಿ ಮಳೆಗಾಲದಲ್ಲಿ ಅಂಗಡಿಗೆ ಗಿರಾಕಿ ಕಡಿಮೆ, ಬರೆಯುವುದಕ್ಕೆ ಪುರುಸೊತ್ತು ಜಾಸ್ತಿ.

ಮೊದಲು ಒಂದು ಗೊಂದಲ ಬಿಡಿಸಬೇಕು. 150 ರೂಪಾಯಿಯ ರಿಮೋಟಿನೊಳಗೆ ಕಾರ್ಖಾನೆಯವರೇ ತುಂಬಿಟ್ಟ ಕೋಡುಗಳ ಪಟ್ಟಿ ಇರುತ್ತದೆ. ನಿಮ್ಮ ಟಿ.ವಿ. ಆ ಪಟ್ಟಿಯಲ್ಲಿದ್ದರೆ ಸರಿ, ಇಲ್ಲದಿದ್ದರೆ ಅದು ಬರೀ ಪ್ಲಾಸ್ಟಿಕ್. ಕಲಿಯುವ ರಿಮೋಟ್ ಬೇರೆ ಜಾತಿ. ಅದು ಖಾಲಿ ಪಾಟಿ. ಹಳೆಯ ರಿಮೋಟನ್ನು ಅದರ ಮೂತಿಗೆ ಮೂತಿ ಇಟ್ಟು ಒತ್ತಿದರೆ, ಬಂದ ಬೆಳಕಿನ ಮಿಣುಕುಗಳನ್ನು ಅಳೆದು ಬರೆದುಕೊಳ್ಳುತ್ತದೆ, ಬೇಕಾದಾಗ ಹಾಗೇ ಒಪ್ಪಿಸುತ್ತದೆ. ಅರ್ಥ ಗೊತ್ತಿಲ್ಲದೆ ಮಗ್ಗಿ ಒಪ್ಪಿಸುವ ಮಕ್ಕಳಿದ್ದಾರಲ್ಲ, ಹಾಗೆ. ಎ.ಸಿ.ಗೆ ಕಲಿಸಿದವರು ಪ್ಲಸ್ ಒತ್ತಿದರೆ ಡಿಗ್ರಿ ಏರುವುದಿಲ್ಲ ಎಂದು ನನ್ನ ಹತ್ತಿರ ಬರುವುದೂ ಇದಕ್ಕೇ. ಎ.ಸಿ. ರಿಮೋಟ್ ಪ್ರತಿ ಸಲವೂ ಡಿಗ್ರಿ, ಫ್ಯಾನಿನ ವೇಗ, ಮೋಡು ಎಲ್ಲವನ್ನೂ ಸೇರಿಸಿ ಪೂರ್ತಿ ಪಾಠ ಹೇಳುತ್ತದೆ. ನೀವು ಕಲಿಸಿದ್ದು '24 ಡಿಗ್ರಿ' ಎಂಬ ಪಾಠವಾದರೆ, ನೂರು ಸಲ ಒತ್ತಿದರೂ ಅದು 24 ಎಂದೇ ಹೇಳುತ್ತದೆ.

ಈಗ ನನ್ನ ಕಥೆಗೆ ಬರುತ್ತೇನೆ. ಹೋದ ಆಷಾಢದಲ್ಲಿ ನಮ್ಮೂರಿನ ಒಬ್ಬ ನಿವೃತ್ತ ಗಣಿತದ ಟೀಚರಮ್ಮ ಕೊಡೆ ಮಡಚಿ ಅಂಗಡಿ ಮೆಟ್ಟಿಲು ಹತ್ತಿದರು. ಗ್ಲಾಕೋಮಾದಿಂದ ಅವರ ಕಣ್ಣು ಬಹುತೇಕ ಹೋಗಿದೆ, ಬೆಳಕು ಕತ್ತಲೆಯಷ್ಟೇ ತಿಳಿಯುತ್ತದೆ. ಸೆರಗಿನಿಂದ ಒಂದು ರಿಮೋಟ್ ತೆಗೆದು ಕೌಂಟರಿನ ಮೇಲಿಟ್ಟರು. ಮೇಲಿನ ಸಾಲಿನ ನಾಲ್ಕು ಗುಂಡಿಗಳ ಪೈಕಿ ಎರಡರ ಮೇಲೆ ಒಂದೊಂದು ತೊಗರಿಬೇಳೆ ಅಂಟಿಸಿತ್ತು. ಕೈಗೆ ಬೇಳೆ ತಾಗಿದರೆ ಅದು ಸೌಂಡು, ಪಕ್ಕದ್ದು ಮ್ಯೂಟು ಎಂದು ಅವರ ಲೆಕ್ಕ. ಯಜಮಾನರು ಬದುಕಿದ್ದಾಗ ಕೂತು ಕಲಿಸಿಟ್ಟದ್ದು. ಟಿ.ವಿ., ಡಿಶ್ ಪೆಟ್ಟಿಗೆ, ಒಂದು ಹಳೆಯ ಸ್ಟೀರಿಯೊ ಆ್ಯಂಪ್ಲಿಫೈಯರ್ ಮೂರೂ ಅದರಲ್ಲೇ. ಆ್ಯಂಪ್ಲಿಫೈಯರಿನ ಮೂಲ ರಿಮೋಟ್ ಕಳೆದು ವರ್ಷಗಳಾಗಿವೆ. ಟಿ.ವಿ. ಹೋದರೆ ಅವರಿಗೆ ಚಿಂತೆಯಿಲ್ಲ. ಆದರೆ ರಾತ್ರಿ ಊಟವಾದ ಮೇಲೆ ಯಜಮಾನರು ರೆಕಾರ್ಡ್ ಮಾಡಿಟ್ಟ ತಾಳಮದ್ದಳೆ ಕೇಳದಿದ್ದರೆ ನಿದ್ದೆ ಹತ್ತುವುದಿಲ್ಲ.

"ತಮಾ, ಪೇಟೆಯ ಸರ್ವಿಸ್ ಸೆಂಟರಿನವರು ಇದನ್ನ ಕಸಕ್ಕೆ ಹಾಕಿ ಅಂದ್ರು. ನೀನೂ ಹಾಗೇ ಹೇಳಿದ್ರೆ ಹಾಕ್ತೆ" ಅಂದರು.

ಹಿಂದಿನ ಮುಚ್ಚಳ ತೆಗೆದೆ. ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿತ್ತು. ಸೆಲ್ಲು ಹಾಕಿ ಮರೆತುಬಿಡುವ ಎಲ್ಲ ಮನೆಗಳ ಕಥೆ ಇದೇ. ನಿಂಬೆರಸ, ಆಮೇಲೆ ಸ್ಪಿರಿಟ್ ಹಚ್ಚಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಸ್ಪ್ರಿಂಗ್ ಬದಲಿಸಿದೆ. ಮೊಬೈಲಿನ ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದು ಒಂದೊಂದೇ ಗುಂಡಿ ಒತ್ತಿದೆ. ಕೆಳಗಿನ ಸಾಲುಗಳಲ್ಲಿ ನೇರಳೆ ಮಿಣುಕು ಬಂತು. (ಕ್ಯಾಮೆರಾ ಮೊಬೈಲು ಬರುವ ಮೊದಲು ನಾವು ಎ.ಎಂ. ರೇಡಿಯೊ ಪಕ್ಕ ಹಿಡಿದು ಗರಗರ ಸದ್ದು ಬರುತ್ತದೆಯೇ ಎಂದು ನೋಡುತ್ತಿದ್ದೆವು. ಈಗಲೂ ನಡೆಯುತ್ತದೆ.) ಮೇಲಿನ ಸಾಲು ಮಾತ್ರ ಸತ್ತಿತ್ತು, ಬೇಕಾದ ನಾಲ್ಕೂ ಅಲ್ಲೇ: ಆ್ಯಂಪ್ಲಿಫೈಯರಿನ ಪವರ್, ಸೌಂಡ್ ಹೆಚ್ಚು, ಸೌಂಡ್ ಕಡಿಮೆ, ಮ್ಯೂಟ್.

ಟ್ರ್ಯಾಕ್ (ಬೋರ್ಡಿನ ಮೇಲೆ ಕರೆಂಟ್ ಹರಿಯುವ ಗೆರೆ) ಕಡಿದಿದ್ದರೆ ಒಂದು ಎಳೆ ತಂತಿ ಬೆಸೆದು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ. ಆದರೆ ಆ ಸಾಲಿನ ಟ್ರ್ಯಾಕ್ ಕಪ್ಪು ಅಂಟಿನ ಗುಂಡಿನ ಕೆಳಗೆ ನುಗ್ಗುವ ಜಾಗದಲ್ಲೇ ತಿಂದುಹೋಗಿತ್ತು. ಅಗ್ಗದ ಬೋರ್ಡುಗಳಲ್ಲಿ ಐಸಿಗೆ, ಅಂದರೆ ಚಿಪ್ಪಿಗೆ, ಕಾಲುಗಳಿರುವುದಿಲ್ಲ, ಬೋರ್ಡಿಗೇ ಕೂರಿಸಿ ಮೇಲೊಂದು ಕಪ್ಪು ಗುಂಡು ಹುಯ್ದಿರುತ್ತಾರೆ. ಅದರೊಳಗೆ ಬೆಸುಗೆ ಕಡ್ಡಿ ಹೋಗುವುದಿಲ್ಲ. ಆದರೆ ಆ ಗುಂಡಿನ ಪಕ್ಕದಲ್ಲಿ ಎಂಟು ಕಾಲಿನ ಒಂದು ಪುಟ್ಟ ಐಸಿ ಕಂಡಿತು. ಮೇಲೆ 24ಸಿ64 ಎಂದು ಬರೆದಿತ್ತು. ಇದು ನಮಗೆ ಟಿ.ವಿ. ಕಾಲದಿಂದ ಪರಿಚಯದ ಗಿರಾಕಿ. ಚಾನೆಲ್ ಯಾವುದು, ಸೌಂಡ್ ಎಷ್ಟು ಎಂದು ಕರೆಂಟ್ ಹೋದಾಗಲೂ ನೆನಪಿಡುತ್ತಿದ್ದದ್ದು ಇದೇ ವಂಶದ 24ಸಿ ಐಸಿಗಳು. 64 ಎಂದರೆ 64 ಕಿಲೊಬಿಟ್, ಅಂದರೆ 8192 ಬೈಟು; ಒಂದು ಬೈಟಿನಲ್ಲಿ ಸೊನ್ನೆಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಯುತ್ತದೆ. ಯಜಮಾನರು ಕಲಿಸಿದ್ದೆಲ್ಲ ಇದರಲ್ಲೇ ಇರಬೇಕು.

ಬಿಸಿಗಾಳಿಯಲ್ಲಿ ಐಸಿ ಎತ್ತಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ್ದ, ಐಸಿಯ ನೆನಪನ್ನು ಓದಿ ಬರೆಯುವ ಸಿಎಚ್341ಎ ಪ್ರೋಗ್ರಾಮರಿನಲ್ಲಿ ಕೂರಿಸಿ ಓದಿದೆ. ಓದಿದ್ದನ್ನು ಮೊದಲು ಎರಡು ಕಡೆ ನಕಲು ಮಾಡಿಟ್ಟೆ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಮೊಬೈಲಿನಲ್ಲಿ. ಆ ಬುದ್ಧಿ ಬಂದದ್ದು ನನ್ನ ಪುಣ್ಯ. ಯಾಕೆಂದು ಮುಂದೆ ಹೇಳುತ್ತೇನೆ.

ತೆರೆಯ ಮೇಲೆ ಕಂಡದ್ದು ಎಂಟು ಸಾವಿರ ಸಂಖ್ಯೆಗಳು. ಅರ್ಧಕ್ಕಿಂತ ಹೆಚ್ಚು ಬರೀ 255. ಖಾಲಿ ಜಾಗ ಹಾಗೇ ಕಾಣುತ್ತದೆ. ಉಳಿದದ್ದರ ತಲೆಬುಡ ಗೊತ್ತಾಗಲಿಲ್ಲ. ಕಂಪನಿಗೆ ಮೇಲ್ ಬರೆದೆ, ಕಲಿತ ಕೋಡನ್ನು ನೀವು ಯಾವ ಕ್ರಮದಲ್ಲಿ ಬರೆಯುತ್ತೀರಿ ಎಂದು. ಉತ್ತರ ಇವತ್ತಿಗೂ ಬಂದಿಲ್ಲ.

ಸರಿ, ಅದನ್ನೇ ಕೇಳೋಣ ಎಂದುಕೊಂಡೆ. ರಿಮೋಟಿನ ಕೆಳಗಿನ ಗುಂಡಿಗಳು ಬದುಕಿದ್ದವಲ್ಲ. ಐಸಿಯನ್ನು ವಾಪಸ್ ಬೆಸೆದು, ನನಗೆ ಚೆನ್ನಾಗಿ ಗೊತ್ತಿರುವ ಒಂದು ಸಂಕೇತವನ್ನು ಖಾಲಿ ಗುಂಡಿಗೆ ಕಲಿಸಿ, ಮತ್ತೆ ಓದಿ, ಏನು ಬದಲಾಯಿತು ಎಂದು ನೋಡುವುದು. ಉಪಾಯ ಇಷ್ಟೇ. ಐಸಿಯನ್ನು ಪದೇಪದೇ ಎತ್ತಿ ಇಳಿಸಿ ಬೋರ್ಡು ಸುಡುವುದು ಬೇಡವೆಂದು ಒಂದು ಸಾಕೆಟ್ ತಂತಿಯಲ್ಲಿ ಹೊರಗೆ ತಂದೆ. ನಮ್ಮೂರಿನ ಗುಡಿಗಾರರು ಗಂಧದ ತುಂಡಿನ ಮೇಲೆ ಕೆತ್ತುವುದನ್ನು ನೋಡಿದವನಿಗೆ ನನ್ನ ಬೆಸುಗೆಯನ್ನು ತೋರಿಸಲು ನಾಚಿಕೆ, ಆದರೆ ಕೆಲಸ ನಡೆಯಿತು.

ಗೊತ್ತಿರುವ ಸಂಕೇತ ಎಂದರೆ ಜಪಾನಿನ ಕಂಪನಿಯೊಂದರ ಪದ್ಧತಿ, ಎನ್‌ಇಸಿ. ಅಗ್ಗದ ಡಿಶ್ ಪೆಟ್ಟಿಗೆ, ಡಿವಿಡಿ ಪ್ಲೇಯರುಗಳಲ್ಲಿ ಅದು ಸರ್ವೇಸಾಮಾನ್ಯ. ಸೆಕೆಂಡಿಗೆ 38 ಸಾವಿರ ಸಲ ಮಿನುಗುವ ಬೆಳಕು ಮೊದಲು 9 ಮಿಲಿಸೆಕೆಂಡ್ ಉರಿಯುತ್ತದೆ, 4.5 ಮಿಲಿಸೆಕೆಂಡ್ ಆರುತ್ತದೆ. ಅದು ಪೀಠಿಕೆ. ಆಮೇಲೆ 32 ಬಿಟ್ಟುಗಳು, ಅಂದರೆ ಸೊನ್ನೆ ಅಥವಾ ಒಂದು. ಪ್ರತಿ ಬಿಟ್ಟಿನಲ್ಲೂ 562 ಮೈಕ್ರೊಸೆಕೆಂಡ್ ಬೆಳಕು. ಅದರ ನಂತರದ ಮೌನ ಅಷ್ಟೇ ಇದ್ದರೆ ಸೊನ್ನೆ, ಮೂರರಷ್ಟಿದ್ದರೆ ಒಂದು.

ಕಲಿಸಿ ಓದಿದಾಗ ಹೊಸದಾಗಿ ಬಂದ ಬೈಟುಗಳ ಮೊದಲನೆಯದು 26. ಆಮೇಲೆ ಒಂದೆರಡು ಚಿಲ್ಲರೆ ಸಂಖ್ಯೆ, ಆಮೇಲೆ 199, 8, 97, 4. ಎರಡೆರಡು ಬೈಟು ಸೇರಿ ಒಂದು ಅಳತೆ ಇರಬಹುದೆಂದು, ಮೊದಲನೆಯದನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಿಸಿದೆ. 50952 ಮತ್ತು 24836 ಬಂತು. ಒಂದು ಇನ್ನೊಂದರ ಸುಮಾರು ಎರಡರಷ್ಟು! 9 ಮತ್ತು 4.5 ಸಿಕ್ಕೇಬಿಟ್ಟಿತು ಎಂದು ಕುಣಿದೆ. ಆದರೆ ಮುಂದಿನ ಅಳತೆಗಳು ಹೊಂದಲೇ ಇಲ್ಲ. 140, 0 ಮತ್ತು 166, 1 ಎಂಬ ಜೋಡಿಗಳು 35840, 42497 ಆದವು. ಮೂರರಷ್ಟು ಬರಬೇಕಾದ ಕಡೆ ಒಂದೂಕಾಲು ಪಟ್ಟೂ ಇಲ್ಲ. ಎರಡು ರಾತ್ರಿ ಇದರಲ್ಲೇ ಹೋಯಿತು.

ಮೂರನೆಯ ದಿನ ಟೀಚರಮ್ಮ ವಿಚಾರಿಸಲು ಬಂದರು. ನಾನು ಬೇಸರದಲ್ಲಿ ಸಂಖ್ಯೆಗಳನ್ನು ಗಟ್ಟಿಯಾಗಿ ಓದಿ ಹೇಳಿದೆ. ಕುರ್ಚಿಯಲ್ಲಿ ಕೂತವರು ಒಂದು ಕ್ಷಣ ಸುಮ್ಮನಿದ್ದು, "ಅಂಕಾನಾಂ ವಾಮತೋ ಗತಿಃ ಅಂತಾರಲ್ಲೋ. ಅಂಕೆಗಳ ನಡಿಗೆ ಎಡಕ್ಕೆ. ಹಿಂದುಮುಂದು ಮಾಡಿ ನೋಡು" ಅಂದರು. ಹಳೆಯ ಜ್ಯೋತಿಷ, ಗಣಿತದ ಶ್ಲೋಕಗಳಲ್ಲಿ ಬಿಡಿ ಸ್ಥಾನವನ್ನು ಮೊದಲು ಹೇಳಿ ಹತ್ತು, ನೂರು ಆಮೇಲೆ ಹೇಳುವ ಪದ್ಧತಿ ಇದೆಯಂತೆ. ನನಗೆ ಸಂಸ್ಕೃತ ಬಾರದು. ಆದರೆ ಹಾಗೆ ಮಾಡಿದೆ. 8×256+199 ಎಂದರೆ 2247. 4×256+97 ಎಂದರೆ 1121. ಆಮೇಲಿನವು 140 ಮತ್ತು 422, ಹೆಚ್ಚುಕಡಿಮೆ ಮೂರರಷ್ಟು. ಪೀಠಿಕೆಯ 9 ಮಿಲಿಸೆಕೆಂಡನ್ನು, ಅಂದರೆ 9000 ಮೈಕ್ರೊಸೆಕೆಂಡನ್ನು, 2247ರಿಂದ ಭಾಗಿಸಿದರೆ ಹತ್ತಿರಹತ್ತಿರ ನಾಲ್ಕು. ಅಂದರೆ ಈ ರಿಮೋಟಿನ ಗಡಿಯಾರದ ಒಂದು ಹೆಜ್ಜೆ 4 ಮೈಕ್ರೊಸೆಕೆಂಡ್. ಸಣ್ಣ ಬೈಟು ಮೊದಲು ಬರೆಯುವ ಈ ಪದ್ಧತಿ ಕಂಪ್ಯೂಟರಿನವರಿಗೆ ಮಾಮೂಲಂತೆ. ನನಗೆ ಹೇಳಿಕೊಟ್ಟದ್ದು ಕಣ್ಣು ಕಾಣದ ಎಪ್ಪತ್ತೆಂಟರ ಟೀಚರಮ್ಮ.

ಅಲ್ಲಿಂದ ಸಲೀಸಾಯಿತು. ಮೊದಲ ಬೈಟು 26 ಏನೆಂದರೆ, 38 ಸಾವಿರ ಮಿನುಗಿನಲ್ಲಿ ಒಂದೊಂದಕ್ಕೆ ಹಿಡಿಯುವ ಕಾಲ, 26 ಮೈಕ್ರೊಸೆಕೆಂಡ್ ಚಿಲ್ಲರೆ. ಖಾತ್ರಿಗೆ ಸೋನಿ ಟಿ.ವಿ. ರಿಮೋಟಿನಿಂದ ಕಲಿಸಿದೆ. ಅದು 40 ಸಾವಿರದ್ದು, 25 ಎಂದು ಬರೆದುಕೊಂಡಿತು.

ಅದಕ್ಕಿಂತ ನನಗೆ ಹಿಡಿಸಿದ್ದು ಜಾಗ ಉಳಿಸುವ ಜಾಣತನ. ಒಂದು ಎನ್‌ಇಸಿ ಗುಂಡಿಯಲ್ಲಿ ಬೆಳಕು ಮೌನ ಎಲ್ಲ ಸೇರಿ 68 ಅಳತೆ, ಒಂದಕ್ಕೆ ಎರಡು ಬೈಟಿನಂತೆ 136 ಬೈಟು ಬೇಕು. ಗುಂಡಿ ಹಿಡಿದುಕೊಂಡಾಗಿನ ತುಂಡು ಸಂಕೇತ ಬೇರೆ. ಈ ರಿಮೋಟ್ ಅಷ್ಟನ್ನೂ 45 ಬೈಟಿನೊಳಗೆ ಮುಗಿಸುತ್ತದೆ. ಹೇಗೆ? ನಮ್ಮ ಅಡಿಕೆ ಮಂಡಿಯ ಗುಮಾಸ್ತರನ್ನು ನೋಡಿ. ಪ್ರತಿ ಅಡಿಕೆಯ ಬಣ್ಣ, ಗಾತ್ರ, ಗುಣ ಯಾರೂ ಬರೆಯುವುದಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದರೆ ಏನೆಂದು ಒಮ್ಮೆ ಗೊತ್ತಿದ್ದರೆ ಸಾಕು, ಚೀಟಿಯಲ್ಲಿ ಹೆಸರಷ್ಟೇ. ಇದೂ ಹಾಗೇ. ಬೆಳಕು-ಮೌನದ ಜೋಡಿಗಳಲ್ಲಿ ನಿಜವಾಗಿ ಬೇರೆಬೇರೆ ಇರುವುದು ಐದಾರು. ಅವುಗಳ ಅಳತೆ ಮೊದಲಿಗೆ ಒಮ್ಮೆ ಬರೆದು, ಆಮೇಲೆ ಯಾವುದರ ಹಿಂದೆ ಯಾವುದು ಎಂಬ ಅಂಕೆಗಳ ಸಾಲು, ಒಂದು ಬೈಟಿನಲ್ಲಿ ಎರಡು ಅಂಕೆ. ನಿಜವಾದ ಮಿಣುಕುಗಳು 548, 560, 572 ಎಂದು ಅಷ್ಟಿಷ್ಟು ಹೆಚ್ಚುಕಡಿಮೆ ಇದ್ದರೂ ಎಲ್ಲವನ್ನೂ ಒಂದೇ ರಾಶಿಗೆ ಹಾಕುತ್ತದೆ. ಇದನ್ನು ಮಾಡಿದ ಎಂಜಿನಿಯರ್ ಎಲ್ಲಿದ್ದಾನೋ, ಅವನಿಗೊಂದು ನಮಸ್ಕಾರ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಐಸಿಯ ಮೊದಲ 96 ಬೈಟು ಒಂದು ಪರಿವಿಡಿ. 48 ಗುಂಡಿಗಳಿಗೆ ಎರಡೆರಡು ಬೈಟು, ಈ ಗುಂಡಿಯ ಪಾಠ ಎಷ್ಟನೆಯ ಜಾಗದಲ್ಲಿದೆ ಎಂದು. ಕಲಿಸದ ಗುಂಡಿಗೆ 255, 255. ಟೀಚರಮ್ಮನ ಮೇಲಿನ ಸಾಲಿನ ನಾಲ್ಕು ಪಾಠಗಳೂ ಅಕ್ಷತವಾಗಿದ್ದವು. ಮೊದಲ ಬೈಟು 28, ಅಂದರೆ 36 ಸಾವಿರ. ಅಳತೆಗಳು 222, 444ರ ಆಸುಪಾಸು, ಅಂದರೆ 889 ಮತ್ತು 1778 ಮೈಕ್ರೊಸೆಕೆಂಡ್. ಇದು ಫಿಲಿಪ್ಸ್‌ನವರ ಆರ್‌ಸಿ-5. ಕಾಗದದ ಮೇಲೆ 14 ಬಿಟ್ಟು ಬಿಡಿಸಿದೆ. ವಿಳಾಸ 16, ಆಜ್ಞೆ 16. ಆ ಪದ್ಧತಿಯಲ್ಲಿ 16ನೇ ವಿಳಾಸ ಆ್ಯಂಪ್ಲಿಫೈಯರಿನದು, 16ನೇ ಆಜ್ಞೆ ಸೌಂಡ್ ಹೆಚ್ಚಿಸು. ಪಕ್ಕದ್ದು 17, ಕಡಿಮೆ ಮಾಡು. ಆಮೇಲೆ 13, ಮ್ಯೂಟ್. 12, ಪವರ್. ಎಷ್ಟೋ ವರ್ಷದ ಹಿಂದೆ ಒಬ್ಬರು ತಮ್ಮ ಜಗುಲಿಯಲ್ಲಿ ಕೂತು ಕಲಿಸಿದ್ದು ನನ್ನ ನೋಟ್‌ಬುಕ್ಕಿನ ಮೇಲೆ ಪೆನ್ಸಿಲಿನಲ್ಲಿ ಮೂಡಿತ್ತು.

ಇನ್ನೊಂದು ಒಗಟೂ ಒಡೆಯಿತು. ಮ್ಯೂಟ್ ಒತ್ತಿದರೆ ಸದ್ದು ನಿಲ್ಲುತ್ತದೆ, ಮತ್ತೆ ಒತ್ತಿದರೆ ವಾಪಸ್ ಬರುವುದಿಲ್ಲ, ನಡುವೆ ಸೌಂಡ್ ಒಮ್ಮೆ ಮುಟ್ಟಿದರೆ ಮಾತ್ರ ಬರುತ್ತದೆ ಎಂದು ಟೀಚರಮ್ಮ ಹೇಳುತ್ತಿದ್ದರು. ಆರ್‌ಸಿ-5ರ ಮೂಲ ರಿಮೋಟ್ ಪ್ರತಿ ಹೊಸ ಒತ್ತಿಗೆ ಒಂದು ಬಿಟ್ಟನ್ನು ತಿರುಗಿಸುತ್ತದೆ, ಗುಂಡಿ ಹಿಡಿದೇ ಇದ್ದಾರೋ ಬಿಟ್ಟು ಮತ್ತೆ ಒತ್ತಿದರೋ ಎಂದು ಯಂತ್ರಕ್ಕೆ ತಿಳಿಯಲಿ ಅಂತ. ಕಲಿತ ರಿಮೋಟ್ ಆ ಬಿಟ್ಟನ್ನೂ ಕಲಿತಂತೆಯೇ ಒಪ್ಪಿಸುತ್ತದೆ. ಆ್ಯಂಪ್ಲಿಫೈಯರ್ ಪಾಪ, ಅಮ್ಮ ಇನ್ನೂ ಕೈ ಎತ್ತಿಲ್ಲ ಎಂದುಕೊಳ್ಳುತ್ತದೆ.

ಇನ್ನು ಉಳಿದದ್ದು ಪರಿವಿಡಿ ತಿದ್ದುವುದು. ತಳದಲ್ಲಿ ಕೆಂಪು, ಹಸಿರು, ಹಳದಿ, ನೀಲಿ ಗುಂಡಿಗಳಿವೆಯಲ್ಲ, ಯಾರೂ ಮುಟ್ಟದವು, ಆ ನಾಲ್ಕರ ಜಾಗದಲ್ಲಿ ಮೇಲಿನ ನಾಲ್ಕರ ಪಾಠ ಇರುವ ಜಾಗದ ಅಂಕೆ ಬರೆದೆ. ಸೆಲ್ಲು ಹಾಕಿದೆ. ಕೆಂಪು ದೀಪ ಮೂರು ಸಲ ಮಿಟುಕಿ ಸುಮ್ಮನಾಯಿತು. ಯಾವ ಗುಂಡಿಯೂ ಕೆಲಸ ಮಾಡಲಿಲ್ಲ. ಐಸಿ ಓದಿದರೆ ಪರಿವಿಡಿ ಪೂರ್ತಿ 255. ಅಳಿಸಿಬಿಟ್ಟಿತ್ತು! ಎದೆ ಧಸಕ್ಕೆಂದಿತು. ನಕಲು ಇಡದಿದ್ದರೆ ಆ ಹೊತ್ತಿಗೆ ಟೀಚರಮ್ಮನ ಮುಖ ನೋಡುವ ಯೋಗ್ಯತೆ ನನಗಿರುತ್ತಿರಲಿಲ್ಲ. ಪರಿವಿಡಿಯ ಕೊನೆಗೆ ಎರಡು ಬೈಟು ಇದ್ದವು, ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 96 ಬೈಟುಗಳನ್ನೂ ಕೂಡಿಸಿದರೆ ಬರುವ ಮೊತ್ತ ಅದು. ಮೊತ್ತ ತಾಳೆಯಾಗದಿದ್ದರೆ ಪುಸ್ತಕವೇ ಕೆಟ್ಟಿದೆ ಎಂದು ರಿಮೋಟ್ ಹೊಸ ಪುಟ ತೆರೆಯುತ್ತದೆ. ಹಳೆಯದನ್ನು ವಾಪಸ್ ಬರೆದು, ತಿದ್ದಿ, ಮೊತ್ತವನ್ನೂ ತಿದ್ದಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಜೋಗದ ಪಕ್ಕದಲ್ಲೇ ಕೂತವರಿಗೆ ಈ ಭಾಗ್ಯ ಮಳೆಗಾಲದಲ್ಲಿ ದಿನಕ್ಕೆರಡು ಸಲ.

ಸಂಪಾದಕರೇ, ಇಷ್ಟುದ್ದ ಯಾಕೆ ಹೇಳಿದೆನೆಂದರೆ, ನಾನು ಒಂಬತ್ತು ರಾತ್ರಿ ಕೂತು ಕಂಡುಕೊಂಡದ್ದು ಒಂದು ಪುಟದಲ್ಲಿ ಹಿಡಿಯುತ್ತದೆ. ಆ ಒಂದು ಪುಟವನ್ನು ರಿಮೋಟಿನ ಜತೆಯ ಚೀಟಿಯಲ್ಲಿ ಅಚ್ಚು ಹಾಕಲು ಏನು ಕಷ್ಟ? ನಾನು ಕೆಲಸ ಕಲಿತ ಕಾಲದಲ್ಲಿ ರೇಡಿಯೊ, ಟಿ.ವಿ.ಗಳ ಜತೆ ಸರ್ಕ್ಯೂಟ್ ಹಾಳೆ ಬರುತ್ತಿತ್ತು, ಕೆಲವಕ್ಕೆ ಹಿಂದಿನ ಮುಚ್ಚಳದ ಒಳಗೇ ಅಂಟಿಸಿರುತ್ತಿದ್ದರು. ಅದರಿಂದ ಯಾವ ಕಂಪನಿಯೂ ಮುಳುಗಲಿಲ್ಲ. ಹೊರದೇಶದಲ್ಲಿ ಒನ್ ಫಾರ್ ಆಲ್ ಎಂಬ ರಿಮೋಟುಗಳಿವೆ. ಹಲವು ಮಾದರಿಗಳಲ್ಲಿ ಸೆಲ್ಲು ಹಾಕುವ ಗೂಡಿನಲ್ಲೇ ಆರು ಪಿನ್ನಿನ ಜಾಗ, ಬೋರ್ಡಿನ ಮೇಲೆ ಅದಕ್ಕೆ ಜೆಪಿ1 ಎಂಬ ಗುರುತು. ಹವ್ಯಾಸಿಗಳು ಅಲ್ಲಿಗೇ ತಂತಿ ಸಿಕ್ಕಿಸಿ ಒಳಗಿನ ನೆನಪನ್ನು ಓದಿ ಬರೆಯುತ್ತಾರೆ. ಫಿಲಿಪ್ಸ್ ಪ್ರಾಂಟೊ ರಿಮೋಟ್ ಕಲಿತದ್ದನ್ನು ಕಂಪ್ಯೂಟರಿನಲ್ಲಿ ಅಕ್ಷರವಾಗಿಯೇ ತೋರಿಸುತ್ತಿತ್ತು, ಜನ ಅದನ್ನು ಇವತ್ತಿಗೂ ಹಂಚಿಕೊಳ್ಳುತ್ತಾರೆ. ಆರು ಪಿನ್ನು ಇದ್ದಿದ್ದರೆ ನಾನು ಬಿಸಿಗಾಳಿ ಹಿಡಿಯಬೇಕಿರಲಿಲ್ಲ.

ಇದು ಕಳ್ಳತನವಲ್ಲವೇ ಎಂದು ಪಕ್ಕದ ಅಂಗಡಿಯವರು ಕೇಳಿದರು. ನಮ್ಮ ಗಿರಾಕಿ ವಕೀಲರೊಬ್ಬರನ್ನು ವಿಚಾರಿಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮನ್ನು ಓದಿ ಹೇಳಿದರು: ಹಕ್ಕಿನಿಂದ ನಮ್ಮ ಕೈಲಿರುವ ಪ್ರೋಗ್ರಾಮ್ ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿ, ಪರೀಕ್ಷಿಸಿ, ಅದರ ಹಿಂದಿನ ತತ್ವ ತಿಳಿಯುವುದು ಉಲ್ಲಂಘನೆಯಲ್ಲ. ಬೇರೆ ಕಡೆ ಸುಲಭಕ್ಕೆ ಸಿಗದ ಮಾಹಿತಿಯನ್ನು ಇನ್ನೊಂದರ ಜತೆ ಹೊಂದಿಸಲಿಕ್ಕಾಗಿ ತೆಗೆಯುವುದೂ ಅಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲನ್ನೂ ತೆರೆದಿದೆ. ಅಲ್ಲಿ ಫೋನು, ಕಾರು, ಟ್ರ್ಯಾಕ್ಟರು, ಮನೆಬಳಕೆಯ ದೊಡ್ಡ ಯಂತ್ರಗಳ ಮಾತೇ ಹೆಚ್ಚು. ನನ್ನದೊಂದು ಕೋರಿಕೆ: ಕಲಿಯುವ ಯಂತ್ರ ಮಾರುವವರು, ಅದು ಕಲಿತದ್ದನ್ನು ಕಲಿಸಿದವರಿಗೆ ವಾಪಸ್ ಕೊಡುವ ದಾರಿಯನ್ನೂ ಕೊಡಬೇಕೆಂಬ ನಿಯಮ ಬರಲಿ. ಆ ಕೋಡು ಕಂಪನಿ ಬರೆದದ್ದಲ್ಲ. ಟೀಚರಮ್ಮನ ಯಜಮಾನರು ಬರೆಸಿದ್ದು.

ನಿಮ್ಮ ಆ ಓದುಗರಿಗೆ ದಯವಿಟ್ಟು ತಿಳಿಸಿ: ರಿಮೋಟ್ ಬಿಸಾಡಿದ್ದರೆ ತಿಪ್ಪೆಯಿಂದ ಹೆಕ್ಕಿಕೊಳ್ಳಲಿ. ಸೆಲ್ಲು ತೆಗೆದಿಡಲಿ. ಬಿಚ್ಚಿ ನೋಡಲಿ, 24ಸಿ ಎಂದು ಶುರುವಾಗುವ ಎಂಟು ಕಾಲಿನ ಐಸಿ ಇದ್ದರೆ ಹತ್ತಿರದ ರಿಪೇರಿಯವರಿಗೆ ಈ ಪತ್ರ ತೋರಿಸಲಿ. ಅಂಥ ಐಸಿ ಕಾಣದಿದ್ದರೆ ಬಹುಶಃ ಎಲ್ಲವೂ ಕಪ್ಪು ಗುಂಡಿನೊಳಗೇ ಇರುತ್ತದೆ, ಆಗ ನನ್ನ ಕೈಲೂ ಆಗದು.

ಟೀಚರಮ್ಮನ ಮನೆಗೆ ನಾನೇ ಹೋಗಿ ಕೊಟ್ಟು ಬಂದೆ. ಹಳೆಯ ತೊಗರಿಬೇಳೆಗಳನ್ನು ಉಗುರಿನಿಂದ ಎಬ್ಬಿಸಿ ಹಸಿರು, ಹಳದಿ ಗುಂಡಿಗಳ ಮೇಲೆ ಅಂಟಿಸಲು ಹೊರಟೆ. ಒಂದು ಪುಡಿಯಾಯಿತು. ಅವರು ಗೋಡೆ ಹಿಡಿದು ಒಳಗೆ ಹೋಗಿ, ಡಬ್ಬದಿಂದ ಒಂದು ಹಿಡಿ ಬೇಳೆ ತಂದು, ಬೆರಳಲ್ಲಿ ಮುಟ್ಟಿ ಮುಟ್ಟಿ ಎರಡನ್ನು ಆರಿಸಿ ಕೊಟ್ಟರು. ಫೆವಿಕಾಲ್ ಒಣಗಲು ಅರ್ಧ ಗಂಟೆ ಬೇಕಿತ್ತು. ಅಷ್ಟರಲ್ಲಿ ಕಷಾಯ ಬಂತು. ಆಮೇಲೆ ಅವರೇ ಕೆಂಪು ಗುಂಡಿ ಒತ್ತಿದರು. ಆ್ಯಂಪ್ಲಿಫೈಯರಿನಲ್ಲಿ ಟಕ್ ಎಂದಿತು, ಕೃಷ್ಣಸಂಧಾನದ ಮಾತು ಅರ್ಧದಿಂದ ಶುರುವಾಯಿತು, ಮದ್ದಳೆ ಸ್ವಲ್ಪ ಜೋರಾಗಿತ್ತು. ಅವರ ಬೆರಳು ಅಭ್ಯಾಸದಂತೆ ಮೇಲಿನ ಸಾಲಿಗೆ ಹೋಯಿತು, ಬೇಳೆ ಸಿಗಲಿಲ್ಲ, ನಿಧಾನಕ್ಕೆ ಕೆಳಗಿಳಿಯಿತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಟಿ.ವಿ. ರಿಪೇರಿಯವ
ಸಾಗರ, ಶಿವಮೊಗ್ಗ ಜಿಲ್ಲೆ